ಮಾಷ್ಟ್ರ ಬೋರ್ಡು, ಸೊಸೈಟಿಯ ಕಂಪ್ಯೂಟರು

ಮಾರ್ಚ್ ತಿಂಗಳ ಕೊನೆಯ ಶನಿವಾರ. ಕುಂದಾಪುರದಲ್ಲಿ ಶನಿವಾರ ಎಂದರೆ ಸಂತೆ. ಸಂತೆಗೆ ಬಂದವರು ತರಕಾರಿ, ಬೆಲ್ಲ, ಒಣಮೀನು ಎಲ್ಲ ಕಟ್ಟಿಕೊಂಡ ಮೇಲೆ ಹಾಗೆಯೇ ಸೊಸೈಟಿಗೂ ಒಮ್ಮೆ ಹಣಕಿ ಹೋಗುತ್ತಾರೆ. ಅಕ್ಕನ ಮಗಳಿಗೆ ಬೆಳಗಿನ ಶಾಲೆ ಬಿಟ್ಟಿತ್ತು. ಐದನೇ ಕ್ಲಾಸಿನ ಹುಡುಗಿ. ಅವಳ ಹೆಸರಿನಲ್ಲಿ ಒಂದು ಪಿಗ್ಮಿ ಖಾತೆ ಇದೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲೇಬೇಕು ಎಂದು ಹಟ ಹಿಡಿದು ನನ್ನ ಬೆನ್ನು ಹತ್ತಿದ್ದಳು.

ಒಳಗೆ ಸೆಕೆಯೆಂದರೆ ಸೆಕೆ. ನಾಲ್ಕು ಕೌಂಟರು, ನಾಲ್ಕರ ಮುಂದೆಯೂ ಸಾಲು. ನಮ್ಮ ಸರದಿ ಬಂದಾಗ ಕೌಂಟರಿನ ಅಕ್ಕ ಪಾಸ್‌ಬುಕ್ ತೆಗೆದುಕೊಂಡು ಒಂದು ಕೀಲಿ ಒತ್ತಿದರು. ಪರದೆಯ ನಡುವೆ ಸಣ್ಣ ಚಕ್ರವೊಂದು ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

"ಕೂಕಣಿ. ಸರ್ವರ್ ಇತ್ತ್, ಸ್ಲೋ ಇತ್ತ್" ಎಂದರು.

ಹೊರಗಿನ ಮಕ್ಕಳಿಗಾಗಿ ಒಂದು ಮಾತು: ಕುಂದಾಪ್ರ ಕನ್ನಡದಲ್ಲಿ 'ಇತ್ತ್' ಎಂದರೆ 'ಇದೆ' ಎಂದರ್ಥ. ಘಟ್ಟದ ಮೇಲಿನವರು ಇದನ್ನು 'ಇತ್ತು, ಈಗಿಲ್ಲ' ಎಂದು ತಿಳಿದು ಗಾಬರಿಯಾಗುವುದುಂಟು. 'ನಿಮ್ ದುಡ್ಡ್ ನಮ್ ಹತ್ರ ಇತ್ತ್' ಎಂದುಬಿಟ್ಟರಂತೂ ಮುಗಿದೇ ಹೋಯಿತು.

ಹುಡುಗಿ ಚಕ್ರವನ್ನೇ ನೋಡುತ್ತಿದ್ದಳು. "ಮಾವ, ಕಂಪ್ಯೂಟರ್ ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಲೆಕ್ಕ ಮಾಡ್ತದೆ ಅಂತ ಟೀಚರ್ ಹೇಳಿದ್ರು. ನಂದು ಇರೋದು ಎರಡೇ ಸಾಲು. ಮತ್ತೆ ಯಾಕೆ ಇಷ್ಟೊತ್ತು?"

ಒಳ್ಳೆಯ ಪ್ರಶ್ನೆ. ಹತ್ತಾರು ವರ್ಷ ಇಂಥ ಯಂತ್ರಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ಆದರೂ ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

ಮೊದಲು ತಿಳಿಯಬೇಕಾದದ್ದು, ಕೌಂಟರಿನ ಮೇಲಿರುವ ಕಂಪ್ಯೂಟರ್ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಅದು ಕಿಟಕಿ ಇದ್ದ ಹಾಗೆ. ನಿಜವಾದ ಲೆಕ್ಕ ನಡೆಯುವುದು ಹಿಂದಿನ ಕೋಣೆಯಲ್ಲಿ, ಎಸಿಯ ತಂಪಿನಲ್ಲಿ ಕುಳಿತ ಒಂದೇ ಒಂದು ಯಂತ್ರದಲ್ಲಿ. ಅದಕ್ಕೇ ಸರ್ವರ್ ಎನ್ನುವುದು. ನಾಲ್ಕು ಕೌಂಟರು, ಚಿನ್ನದ ಸಾಲದ ಮೇಜು, ಮ್ಯಾನೇಜರರ ಕೋಣೆ, ಬೈಂದೂರು ಮತ್ತು ಬ್ರಹ್ಮಾವರದ ಶಾಖೆಗಳು, ಬಸ್‌ಸ್ಟ್ಯಾಂಡು, ಮೀನು ಮಾರುಕಟ್ಟೆ ಸುತ್ತುವ ಪಿಗ್ಮಿ ಅಣ್ಣಂದಿರ ಕೈಯಂತ್ರ, ಎಲ್ಲರೂ ಕೇಳುವುದು ಆ ಒಂದನ್ನೇ.

ಪಿಗ್ಮಿಯ ಮಾತು ಬಂದದ್ದಕ್ಕೆ ಒಂದು ಹೆಮ್ಮೆಯ ವಿಷಯ ಹೇಳಿಬಿಡುತ್ತೇನೆ. ಮನೆಬಾಗಿಲಿಗೆ ಬಂದು ದಿನದಿನವೂ ಚಿಲ್ಲರೆ ಕಾಸು ಕೂಡಿಸಿಕೊಂಡು ಹೋಗುವ ಈ ಪಿಗ್ಮಿ ಠೇವಣಿ ಹುಟ್ಟಿದ್ದು ನಮ್ಮ ಸೀಮೆಯಲ್ಲೇ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಬ್ಯಾಂಕೊಂದು (ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು) 1928ರಲ್ಲಿ ದಿನಕ್ಕೆ 2 ಆಣೆಯ ಪಿಗ್ಮಿ ಆರಂಭಿಸಿತು. ಅದೇ ವರ್ಷ ಅದು ತನ್ನ ಮೊದಲ ಶಾಖೆಯನ್ನು ತೆರೆದದ್ದು ಬ್ರಹ್ಮಾವರದಲ್ಲಿ. ಆಗ ಲೆಕ್ಕವೆಲ್ಲ ದಪ್ಪ ಲೆಡ್ಜರ್ ಪುಸ್ತಕದಲ್ಲಿ. ಒಂದು ಲೆಡ್ಜರಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಇನ್ನೊಬ್ಬರು ಪಕ್ಕದಲ್ಲಿ ಪೆನ್ನು ಹಿಡಿದು ನಿಲ್ಲಬೇಕು. ಈಗ ಲೆಡ್ಜರ್ ಹೋಯಿತು, ನಿಲ್ಲುವುದು ಹೋಗಲಿಲ್ಲ. ಅಲ್ಲಿ ಗುಮಾಸ್ತರು ನಿಲ್ಲುತ್ತಿದ್ದರು, ಇಲ್ಲಿ ಕೆಲಸಗಳು ನಿಲ್ಲುತ್ತವೆ.

ಹೇಗೆ ನಿಲ್ಲುತ್ತವೆ ಎನ್ನುವುದನ್ನು ಹೇಳಲು ನಾನು ಓದಿದ ಶಾಲೆಗೆ ಹೋಗಬೇಕು.

ಬೈಂದೂರಿನಿಂದ ಒಳಗೆ, ಘಟ್ಟದ ಬುಡದ ಕಡೆ ಇದ್ದ ಶಾಲೆ ಅದು. ಒಂದೇ ಕೋಣೆ, ಒಬ್ಬರೇ ಮಾಷ್ಟ್ರು, ಒಂದರಿಂದ ನಾಲ್ಕರವರೆಗೆ ಕ್ಲಾಸು. ಮಾಷ್ಟ್ರು ಒಂದನೇ ಕ್ಲಾಸಿನವರಿಗೆ 'ಅ' ತಿದ್ದಲು ಹೇಳಿ, ಅವರು ತಿದ್ದುವಷ್ಟರಲ್ಲಿ ಎರಡನೆಯವರ ಮಗ್ಗಿ ಕೇಳಿ, ಅವರು ತಪ್ಪಿದಲ್ಲಿಂದ ಮತ್ತೆ ಶುರು ಮಾಡಲು ಹೇಳಿ, ಅಷ್ಟರಲ್ಲಿ ಮೂರನೆಯವರ ಪದ್ಯ, ಆಮೇಲೆ ನಾಲ್ಕನೆಯವರ ಭಾಗಾಕಾರ, ಮತ್ತೆ 'ಅ' ಸರಿಯಾಯಿತೇ ಎಂದು ನೋಡಲು ಹಿಂದಕ್ಕೆ. ಒಬ್ಬರೇ ಮನುಷ್ಯ. ಆದರೆ ನಾಲ್ಕೂ ಕ್ಲಾಸಿನವರಿಗೆ ಮಾಷ್ಟ್ರು ನಮ್ಮ ಕಡೆಗೇ ನೋಡುತ್ತಿದ್ದಾರೆ ಎಂಬ ಭಯ ತಪ್ಪುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಪ್ರೊಸೆಸರ್ ಎನ್ನುತ್ತಾರೆ. ಅದೇ ನಮ್ಮ ಮಾಷ್ಟ್ರು. ಅದು ಒಂದು ಕ್ಷಣದಲ್ಲಿ ಮಾಡುವುದು ಒಂದೇ ಕೆಲಸ. ಒಂದಿಷ್ಟು ಮಿಲಿಸೆಕೆಂಡು ಈ ಕೌಂಟರಿನದು, ಒಂದಿಷ್ಟು ಮಿಲಿಸೆಕೆಂಡು ಆ ಕೌಂಟರಿನದು. ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಅದಲುಬದಲು ಅಷ್ಟು ಬೇಗ ನಡೆಯುವುದರಿಂದ ಎಲ್ಲರಿಗೂ ಯಂತ್ರ ತಮ್ಮದೇ ಎನಿಸುತ್ತದೆ. ಈಗಿನ ಯಂತ್ರಗಳಲ್ಲಿ ನಾಲ್ಕೋ ಎಂಟೋ ಮಾಷ್ಟ್ರು ಒಟ್ಟಿಗೆ ಇರುತ್ತಾರೆ. ಅವಕ್ಕೆ ಕೋರ್ ಎಂದು ಹೆಸರು. ಆದರೆ ಕ್ಲಾಸುಗಳೂ ನಾಲ್ಕಲ್ಲ, ನೂರಾರು.

ಹೀಗೆ ಸಮಯವನ್ನು ಚೂರು ಮಾಡಿ ಹಂಚುವುದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಮುಖ್ಯರು ಫರ್ನಾಂಡೊ ಕೊರ್ಬಾಟೊ. 1961ರಲ್ಲಿ, ಎಂಐಟಿಯಲ್ಲಿ. ನಮ್ಮ ಮಣಿಪಾಲದ ಎಂಐಟಿ ಅಲ್ಲ, ಅಮೆರಿಕದ ಮೆಸಾಚುಸೆಟ್ಸಿನದು. ಅದಕ್ಕೂ ಮುಂಚೆ ಒಬ್ಬರ ಲೆಕ್ಕ ಪೂರ್ತಿ ಮುಗಿದ ಮೇಲೆಯೇ ಇನ್ನೊಬ್ಬರದು. ಬೆಳಿಗ್ಗೆ ಕೊಟ್ಟ ಲೆಕ್ಕಕ್ಕೆ ಸಂಜೆ ಉತ್ತರ ಸಿಕ್ಕಿದರೆ ಪುಣ್ಯ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕುವ ಕಾಟವೂ ಕೊರ್ಬಾಟೊ ಅವರ ಅದೇ ಯಂತ್ರದಿಂದ ಶುರುವಾಯಿತು ಎನ್ನುತ್ತಾರೆ. ಹಂಚಿಕೊಂಡರೆ ಬೀಗವೂ ಬೇಕಾಗುತ್ತದಲ್ಲ.

ಇನ್ನು ಸರದಿಯ ವಿಷಯ. ಮಾಷ್ಟ್ರು ಯಾರನ್ನು ಮೊದಲು ಕರೆಯಬೇಕು?

ಒಂದು ಲೆಕ್ಕ ಹಾಕೋಣ, ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕನೇ ಕ್ಲಾಸಿನವರ ಭಾಗಾಕಾರಕ್ಕೆ 20 ನಿಮಿಷ ಬೇಕು. ಒಂದನೇ ಕ್ಲಾಸಿನ ನಾಲ್ಕು ಮಕ್ಕಳು ಸ್ಲೇಟು ತೋರಿಸಲು ನಿಂತಿದ್ದಾರೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ ಸಾಕು. ಮಾಷ್ಟ್ರು ಮೊದಲು ಭಾಗಾಕಾರ ಹಿಡಿದರೆ ಮೊದಲ ಸ್ಲೇಟು 20 ನಿಮಿಷ ಕಾಯುತ್ತದೆ, ಎರಡನೆಯದು ಇಪ್ಪತ್ತೂವರೆ, ಆಮೇಲೆ 21, ಇಪ್ಪತ್ತೊಂದೂವರೆ. ಎಲ್ಲರೂ ಕಾದದ್ದನ್ನು ಕೂಡಿಸಿದರೆ 83 ನಿಮಿಷ. ಈಗ ತಿರುವಿ ಹಾಕಿ. ಸ್ಲೇಟುಗಳು ಮೊದಲು. ಮೊದಲನೆಯ ಮಗು ಕಾಯುವುದೇ ಇಲ್ಲ, ಎರಡನೆಯದು ಅರ್ಧ, ಮೂರನೆಯದು ಒಂದು, ನಾಲ್ಕನೆಯದು ಒಂದೂವರೆ ನಿಮಿಷ. ಭಾಗಾಕಾರ ಕಾಯುವುದು 2 ನಿಮಿಷ. ಕೂಡಿಸಿ ನೋಡಿ: 5 ನಿಮಿಷ!

ಮಾಷ್ಟ್ರು ಎರಡು ಸಲವೂ ದುಡಿದದ್ದು ಅದೇ 22 ನಿಮಿಷ. ಒಂದು ನಿಮಿಷವೂ ಹೆಚ್ಚು ಓಡಲಿಲ್ಲ. ಬರೀ ಸರದಿ ಬದಲಾಯಿಸಿದ್ದಕ್ಕೆ 83 ಹೋಗಿ 5 ಆಯಿತು. ಈ ಲೆಕ್ಕವನ್ನು ನಾನು ಮೊದಲು ಮಾಡಿ ನೋಡಿದಾಗ ನಂಬದೆ ಇನ್ನೊಮ್ಮೆ ಮಾಡಿದ್ದೆ.

ಕಚೇರಿಯ ಕಂಪ್ಯೂಟರುಗಳಲ್ಲಿ ಇದನ್ನೇ ಅಂಕಿ ಕೊಟ್ಟು ಮಾಡುತ್ತಾರೆ. 1988ರಲ್ಲಿ ಐಬಿಎಂ ಕಂಪನಿ ಎಎಸ್/400 ಎಂಬ ಯಂತ್ರ ತಂದಿತು. ಬ್ಯಾಂಕು, ಕಾರ್ಖಾನೆ, ಅಂಗಡಿಗಳು ಹಂಚಿಕೊಂಡು ಬಳಸಲೆಂದೇ ಮಾಡಿದ ಯಂತ್ರ. ಅದರ ಮೊಮ್ಮಕ್ಕಳು ಇಂದಿಗೂ ಓಡುತ್ತಿವೆ. ಅದರಲ್ಲಿ ಪ್ರತಿ ಕೆಲಸಕ್ಕೂ 1ರಿಂದ 99ರವರೆಗೆ ಒಂದು ಅಂಕಿ. ಇದು ಮಾರ್ಕ್ಸ್ ಅಲ್ಲ, ರ‍್ಯಾಂಕು: ಅಂಕಿ ಸಣ್ಣದಾದಷ್ಟೂ ಮೊದಲು. ಎದುರು ಕುಳಿತು ಕೀಲಿ ಒತ್ತುವವರ ಕೆಲಸಕ್ಕೆ ಸಾಮಾನ್ಯವಾಗಿ 20. ಹಿಂದೆ ಮೌನವಾಗಿ ಓಡುವ ಬಡ್ಡಿ ಲೆಕ್ಕ, ವರದಿಗಳಿಗೆ 50. ಕೌಂಟರಿನ ಅಕ್ಕ ಕೇಳುವುದು ಚಿಕ್ಕ ಚಿಕ್ಕ ಪ್ರಶ್ನೆ. ಕೇಳಿ, ಉತ್ತರ ಪಡೆದು, ನೋಟು ಎಣಿಸುತ್ತಾರೆ. ಆ ಎಣಿಸುವ ಹೊತ್ತಿನಲ್ಲಿ ಯಂತ್ರಕ್ಕೆ ಬಿಡುವು. ಬಡ್ಡಿ ಲೆಕ್ಕ ಹಾಗಲ್ಲ. ಅದು ಭಾಗಾಕಾರದ ಹಾಗೆ, ಹಿಡಿದರೆ ಬಿಡುವುದೇ ಇಲ್ಲ.

ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಈ ಅಂಕಿಗೆ ಇಟ್ಟ ಹೆಸರು ನನಗೆ ಬಹಳ ಇಷ್ಟ. 'ನೈಸ್' ಎಂದು. ಒಳ್ಳೆಯತನ! ಅದು ಮೈನಸ್ 20ರಿಂದ 19ರವರೆಗೆ ಹೋಗುತ್ತದೆ. 19 ಇರುವ ಕೆಲಸ ಎಲ್ಲರಿಗೂ "ನೀವು ಮುಂದೆ ಹೋಗಿ" ಎನ್ನುತ್ತದೆ. ಮೈನಸ್ 20 ಇರುವುದು ಸಾಲಿನಲ್ಲಿ ಮೊಣಕೈಯಿಂದ ತಿವಿಯುತ್ತದೆ. ಬೇರೆಯವರಿಗೆ ದಾರಿ ಬಿಡುವ ಕಡೆಗೆ ಅಂಕಿಯನ್ನು ಯಾರು ಬೇಕಾದರೂ ಏರಿಸಿಕೊಳ್ಳಬಹುದು. ತಿವಿಯುವ ಕಡೆಗೆ ಇಳಿಸಲು ಮಾತ್ರ ಯಂತ್ರದ ಯಜಮಾನರ ಅಪ್ಪಣೆ ಬೇಕು. ಹೆಸರಿಟ್ಟವರು ಯಾರೋ ತಮಾಷೆಯ ಮನುಷ್ಯರಿರಬೇಕು.

ಸರದಿಯನ್ನು ಮೀರಿದ್ದೂ ಒಂದಿದೆ. ನಮ್ಮ ಮಾಷ್ಟ್ರು ಏನೇ ಹೇಳಿಕೊಡುತ್ತಿರಲಿ, ಒಂದನೇ ಕ್ಲಾಸಿನಿಂದ ಕಿರುಬೆರಳು ಎತ್ತಿ "ಮಾಷ್ಟ್ರೇ, ಒಂದಕ್ಕೆ!" ಎಂಬ ಕೂಗು ಬಂದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೆ ಕಾಯಿಸಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತು, ನೆಲ ಒರೆಸುವ ನಮಗೂ ಗೊತ್ತು. ಕಂಪ್ಯೂಟರಿನಲ್ಲಿ ಕೀಲಿ ಒತ್ತುವುದು, ಜಾಲದಿಂದ ಸುದ್ದಿ ಬರುವುದು ಇಂಥ ಕೂಗುಗಳು. ಇಂಟರಪ್ಟ್ ಎನ್ನುತ್ತಾರೆ.

ಅಂಕಿ ಕೊಟ್ಟರೆ ಎಲ್ಲ ಸರಿಹೋಯಿತೇ? ಇಲ್ಲ. ಸಣ್ಣ ಸ್ಲೇಟುಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದರೆ ಭಾಗಾಕಾರದ ಗತಿ ಏನು? ಎಂಐಟಿಯ ಬಗ್ಗೆ ಇನ್ನೊಂದು ಕಥೆ ಕಂಪ್ಯೂಟರ್ ಪಾಠಪುಸ್ತಕಗಳಲ್ಲಿ ಬರುತ್ತದೆ. ಅಲ್ಲಿನ ಐಬಿಎಂ 7094 ಯಂತ್ರವನ್ನು 1973ರಲ್ಲಿ ನಿಲ್ಲಿಸುವಾಗ 1967ರಲ್ಲಿ ಕೊಟ್ಟ ಒಂದು ಕೆಲಸ ಇನ್ನೂ ಸರದಿಯಲ್ಲಿ ಕಾಯುತ್ತಾ ಕೂತಿತ್ತಂತೆ. ನಿಜವೋ, ಯಾರೋ ಕಟ್ಟಿದ್ದೋ. ಆದರೆ ಮದ್ದು ನಿಜ: ಕಾದಷ್ಟೂ ಆ ಕೆಲಸದ ಸ್ಥಾನವನ್ನು ಮೆಲ್ಲಗೆ ಏರಿಸುತ್ತಾ ಬರುವುದು. ನಮ್ಮ ಮಾಷ್ಟ್ರು ಪಾಠ ತಪ್ಪಿದ ಕ್ಲಾಸಿನ ಹೆಸರಿನ ಮುಂದೆ ಬೋರ್ಡಿನ ಮೂಲೆಯಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದರು. ಮೂರು ಗೆರೆ ಆಯಿತೆಂದರೆ ಯಾವ ಸ್ಲೇಟು ಬಂದರೂ ಮೊದಲು ಆ ಕ್ಲಾಸು.

ಸರದಿಯ ಅಂಕಿ ಮಂಗಳ ಗ್ರಹದಲ್ಲೂ ಒಮ್ಮೆ ಕೈಕೊಟ್ಟಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಯಾರದು ಎಂದು ಹುಡುಕಿದರೆ ಯಾರದೂ ಅಲ್ಲ.

ನಾಸಾದ ಪಾತ್‌ಫೈಂಡರ್ 1997ರ ಜುಲೈ 4ರಂದು ಮಂಗಳದ ಮೇಲೆ ಇಳಿಯಿತು. ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಅದರ ಕಂಪ್ಯೂಟರು ಇದ್ದಕ್ಕಿದ್ದಂತೆ ತಾನೇ ಬಂದ್ ಆಗಿ ಮತ್ತೆ ಶುರುವಾಗತೊಡಗಿತು. ಒಳಗೆ ನಡೆದದ್ದನ್ನು ನಮ್ಮ ಶಾಲೆಯ ಭಾಷೆಯಲ್ಲಿ ಹೇಳುತ್ತೇನೆ. ಶಾಲೆಗೆ ಇರುವುದು ಒಂದೇ ಡಸ್ಟರ್. ಅದು ಒಂದನೇ ಕ್ಲಾಸಿನ ಪುಟ್ಟನ ಕೈಯಲ್ಲಿದೆ, ಅವನು ಬೋರ್ಡಿನ ತನ್ನ ಮೂಲೆ ಒರೆಸುತ್ತಿದ್ದಾನೆ. ಶಾಲೆಗೆ ಇನ್‌ಸ್ಪೆಕ್ಟರು ಬಂದಿದ್ದಾರೆ; ಅವರಿಗೆ ಡಸ್ಟರ್ ಬೇಕು. ಇನ್‌ಸ್ಪೆಕ್ಟರಿಗಿಂತ ದೊಡ್ಡವರಿಲ್ಲ, ಆದರೆ ಪುಟ್ಟ ಮುಗಿಸದೆ ಡಸ್ಟರ್ ಸಿಗುವುದಿಲ್ಲ. ಪುಟ್ಟನೋ ಒರೆಸಲು ಹೋದಾಗಲೆಲ್ಲ ನಾಲ್ಕನೇ ಕ್ಲಾಸಿನವರು ಬಂದು "ಏಯ್ ಸರಿ, ನಮ್ಮದು ಮೊದಲು" ಎಂದು ಅವನನ್ನು ಪಕ್ಕಕ್ಕೆ ತಳ್ಳುತ್ತಾರೆ. ಪುಟ್ಟನಿಗಿಂತ ಅವರು ದೊಡ್ಡವರು ತಾನೆ, ನಿಯಮದ ಪ್ರಕಾರ ಸರಿಯೇ. ಹೀಗೆ ನಾಲ್ಕನೇ ಕ್ಲಾಸಿನವರು ತಮಗೆ ಅರಿವಿಲ್ಲದೆ ಇನ್‌ಸ್ಪೆಕ್ಟರನ್ನೇ ಕಾಯಿಸಿಬಿಟ್ಟರು!

ಪಾತ್‌ಫೈಂಡರಿನಲ್ಲಿ ಪುಟ್ಟ ಎಂದರೆ ಹವಾಮಾನ ಅಳೆಯುವ ಕೆಲಸ. ಇನ್‌ಸ್ಪೆಕ್ಟರು ಎಂದರೆ ನೌಕೆಯೊಳಗಿನ ಮಾಹಿತಿ ಸಾಗಣೆ ನೋಡಿಕೊಳ್ಳುವ ಕೆಲಸ. ನಡುವೆ ತಳ್ಳಿದವು ಬೇರೆ ಮಧ್ಯಮ ದರ್ಜೆಯ ಕೆಲಸಗಳು. ಮುಖ್ಯ ಕೆಲಸ ಹೊತ್ತಿಗೆ ಮುಗಿಯದಿದ್ದರೆ ಏನೋ ಕೆಟ್ಟಿದೆ ಎಂದುಕೊಂಡು ಇಡೀ ಯಂತ್ರವನ್ನು ಹೊಸದಾಗಿ ಶುರು ಮಾಡುವ ಕಾವಲುಗಾರ ಗಡಿಯಾರವೊಂದು ಅದರಲ್ಲಿತ್ತು. ಅದು ತನ್ನ ಕರ್ತವ್ಯ ಮಾಡಿತು. ಭೂಮಿಯಲ್ಲಿದ್ದ ತಂತ್ರಜ್ಞರು ಅಂಥದ್ದೇ ಇನ್ನೊಂದು ಯಂತ್ರವನ್ನು ಓಡಿಸಿ ಓಡಿಸಿ ಕಾರಣ ಹಿಡಿದರು. ಪರಿಹಾರ ಸರಳ: ಇನ್‌ಸ್ಪೆಕ್ಟರು ಕಾಯುತ್ತಿರುವಷ್ಟು ಹೊತ್ತು ಪುಟ್ಟನಿಗೂ ಇನ್‌ಸ್ಪೆಕ್ಟರಷ್ಟೇ ಮರ್ಯಾದೆ. ಆಗ ಅವನನ್ನು ಯಾರೂ ತಳ್ಳುವಂತಿಲ್ಲ. ಅವನು ಒರೆಸಿ, ಡಸ್ಟರ್ ಕೊಟ್ಟು, ಮತ್ತೆ ಪುಟ್ಟನಾಗುತ್ತಾನೆ. ಆ ತಿದ್ದುಪಡಿಯನ್ನು ಕೋಟ್ಯಂತರ ಕಿಲೋಮೀಟರ್ ದೂರಕ್ಕೆ ರೇಡಿಯೋದಲ್ಲಿ ಕಳುಹಿಸಿದರು. ನೌಕೆ ಸರಿಹೋಯಿತು.

ಇಷ್ಟು ಹೇಳುವಷ್ಟರಲ್ಲಿ ಸೊಸೈಟಿಯ ಚಕ್ರ ಇನ್ನೂ ತಿರುಗುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಹೆಲ್ಮೆಟ್ ಕೈಯಲ್ಲಿ ಹಿಡಿದು ಓಡಿ ಬಂದ. ಮ್ಯಾನೇಜರರು ಅವನಿಗೆ, "ಕೌಂಟರಿಗೆಲ್ಲ ಪ್ರಯಾರಿಟಿ ಜಾಸ್ತಿ ಮಾಡಿಬಿಡು ಮಾರಾಯ, ಜನ ಬೈತಿದ್ದಾರೆ" ಎಂದರು.

ಹುಡುಗ ತಲೆಯಾಡಿಸಿದ. ಆದರೆ ಏನನ್ನೂ ಮುಟ್ಟಲಿಲ್ಲ. ಸರ್ವರ್ ಕೋಣೆಯ ಪರದೆಯನ್ನು ಸುಮ್ಮನೆ ನೋಡುತ್ತಾ ನಿಂತ. ಆಗಲೇ ನನಗೆ ಅವನ ಮೇಲೆ ಗೌರವ ಹುಟ್ಟಿತು. ಬಂದ ತಕ್ಷಣ ಗುಂಡಿ ಒತ್ತುವವರನ್ನು ಬಹಳ ಕಂಡಿದ್ದೇನೆ, ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ. ಬಾಗಿಲಲ್ಲಿ ನಿಂತು ನಾವೂ ಇಣುಕಿದೆವು. ಪರದೆಯಲ್ಲಿ ಎರಡು ಗೆರೆ ಓಡುತ್ತಿದ್ದವು. ಪ್ರೊಸೆಸರಿನ ಗೆರೆ ನೆಲಕ್ಕೆ ಹತ್ತಿಕೊಂಡು, ಮಲಗಿದ ಹಾಗೆ. ಡಿಸ್ಕಿನ ಗೆರೆ ಮಾತ್ರ ಚಾವಣಿಗೆ ಅಂಟಿಕೊಂಡಿತ್ತು.

"ಮಾವ, ಮಾಷ್ಟ್ರಿಗೆ ಕೆಲಸವೇ ಇಲ್ಲ!" ಎಂದಳು ಹುಡುಗಿ.

ಹೌದು, ಇರಲಿಲ್ಲ. ಹೊರಗೆ ನಾಲ್ಕು ಸಾಲು ಜನ, ಒಳಗೆ ಮಾಷ್ಟ್ರು ಖಾಲಿ. ಇಂಥ ಹೊತ್ತಿನಲ್ಲಿ ಸರದಿಯ ಅಂಕಿ ಬದಲಾಯಿಸಿ ಏನು ಉಪಯೋಗ? ಮಾಷ್ಟ್ರು ಯಾರನ್ನು ಕರೆಯಲಿ ಎಂಬುದು ಇಲ್ಲಿ ಕಷ್ಟವಲ್ಲ. ಬೋರ್ಡಿನಲ್ಲಿ ಜಾಗವಿಲ್ಲ, ಅದು ಕಷ್ಟ.

ಬೋರ್ಡು ಎಂದೆನಲ್ಲ, ಅದು ಕಂಪ್ಯೂಟರಿನ ಮೆಮೊರಿ, ಅಂದರೆ ರ‍್ಯಾಮ್. ಮಾಷ್ಟ್ರು ಯಾವ ಲೆಕ್ಕ ಮಾಡಬೇಕಾದರೂ ಅದು ಬೋರ್ಡಿನ ಮೇಲೆ ಇರಬೇಕು. ಆದರೆ ಬೋರ್ಡು ಚಿಕ್ಕದು, ಮತ್ತು ಕರೆಂಟು ಹೋದರೆ ಒರೆಸಿಯೇ ಹೋಗುತ್ತದೆ. ಉಳಿಯಬೇಕಾದದ್ದೆಲ್ಲ ಕಪಾಟಿನ ಪುಸ್ತಕದಲ್ಲಿ, ಅದು ಡಿಸ್ಕ್. ಪುಸ್ತಕದಿಂದ ಬೇಕಾದಷ್ಟನ್ನು ಮಾತ್ರ ಬೋರ್ಡಿಗೆ ಇಳಿಸಿಕೊಳ್ಳುವುದು, ಮುಗಿದ ಮೇಲೆ ಒರೆಸಿ ಬೇರೆ ಬರೆಯುವುದು. ಹೀಗೆ ಇಳಿಸುವ ಒಂದೊಂದು ತುಂಡನ್ನೂ ಕಂಪ್ಯೂಟರಿನವರು ಪುಟ ಎಂದೇ ಕರೆಯುತ್ತಾರೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4,096 ಬೈಟು. ಬೇಕಾದ ಪುಟ ಬೋರ್ಡಿನಲ್ಲಿ ಇಲ್ಲದೆ ಕಪಾಟಿಗೆ ಓಡಬೇಕಾಗಿ ಬಂದರೆ ಅದು ಪೇಜ್ ಫಾಲ್ಟ್. ಹೀಗೆ ಸಣ್ಣ ಬೋರ್ಡಿನಲ್ಲಿ ದೊಡ್ಡ ಪುಸ್ತಕ ನಡೆಸುವ ಉಪಾಯವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಶುರುವಾದ ಆಟ್ಲಾಸ್ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು.

ಕಪಾಟಿಗೆ ಹೋಗಿ ಬರುವುದು ಎಂದರೆ ನಾಲ್ಕು ಹೆಜ್ಜೆ ಎಂದುಕೊಂಡಿರಾ? ಲೆಕ್ಕ ಕೇಳಿ. ಮೆಮೊರಿಯಿಂದ ಒಂದು ಅಂಕಿ ತರಲು ಸುಮಾರು 100 ನ್ಯಾನೊಸೆಕೆಂಡು. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಸುಮಾರು 10 ಮಿಲಿಸೆಕೆಂಡು. ಲಕ್ಷ ಪಾಲು ಹೆಚ್ಚು. ಮಾಷ್ಟ್ರು ಕತ್ತೆತ್ತಿ ಬೋರ್ಡು ನೋಡಲು 1 ಸೆಕೆಂಡು ಹಿಡಿಯಿತು ಎಂದು ಇಟ್ಟುಕೊಂಡರೆ, ಪುಸ್ತಕ ತರಲು 1 ಲಕ್ಷ ಸೆಕೆಂಡು. 60ರಿಂದ ಭಾಗಿಸಿ, ಇನ್ನೊಮ್ಮೆ 60ರಿಂದ ಭಾಗಿಸಿ: ಹತ್ತಿರ ಹತ್ತಿರ 28 ಗಂಟೆ! ಅಂದರೆ ಮಾಷ್ಟ್ರು ಬೈಂದೂರಿನಲ್ಲಿ ರಾತ್ರಿ ಬಸ್ಸು ಹತ್ತಿ, ಬೆಂಗಳೂರಿಗೆ ಹೋಗಿ, ಪುಸ್ತಕ ತೆಗೆದುಕೊಂಡು, ಮರುದಿನ ಹಗಲಿನ ಬಸ್ಸಿನಲ್ಲಿ ವಾಪಸು ಬಂದಂತೆ. ಈಗಿನ ಎಸ್‌ಎಸ್‌ಡಿ ಡಿಸ್ಕಾದರೆ ಹದಿನೈದಿಪ್ಪತ್ತು ನಿಮಿಷದ ಕೆಲಸ, ಪಕ್ಕದ ಊರಿಗೆ ಹೋಗಿ ಬಂದಷ್ಟು. ವಾಸಿ, ಆದರೂ ಕತ್ತೆತ್ತಿ ನೋಡುವುದಕ್ಕೆ ಸಮವಲ್ಲ.

ಈಗ ಚಿತ್ರ ಕಾಣುತ್ತಿದೆಯೇ? ಒಂದು ಕ್ಲಾಸಿನದು ಬೋರ್ಡಿಗೆ ಬರೆಯಲು ಇನ್ನೊಂದು ಕ್ಲಾಸಿನದು ಒರೆಸಬೇಕು. ಒರೆಸಿದ ಮರುಕ್ಷಣ ಅದೇ ಬೇಕಾಗುತ್ತದೆ. ಮತ್ತೆ ಬೆಂಗಳೂರು. ತಂದು ಬರೆಯುವಷ್ಟರಲ್ಲಿ ಮೊದಲಿನದು ಹೋಗಿರುತ್ತದೆ. ಮತ್ತೆ ಬೆಂಗಳೂರು. ಮಾಷ್ಟ್ರು ದಿನವಿಡೀ ಬಸ್ಸಿನಲ್ಲೇ. ಪಾಠ ಯಾವ ಕ್ಲಾಸಿಗೂ ಇಲ್ಲ. ಇದಕ್ಕೆ ಥ್ರ್ಯಾಶಿಂಗ್ ಎಂಬ ಹೆಸರು. ಭತ್ತ ಬಡಿಯುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮಾತಿನ ಬಳಗದ್ದೇ. ನಮ್ಮಲ್ಲಿ ಹಡಿಮಂಚಕ್ಕೆ ಸೂಡಿ ಬಡಿದರೆ ಕೆಳಗೆ ಭತ್ತವಾದರೂ ಉದುರುತ್ತದೆ. ಇಲ್ಲಿ ಬಡಿತವೊಂದೇ, ಕಾಳಿಲ್ಲ.

1968ರಲ್ಲಿ ಪೀಟರ್ ಡೆನ್ನಿಂಗ್ ಎಂಬವರು ಇದರ ಗುಟ್ಟನ್ನು ಬಿಡಿಸಿ ಬರೆದರು. ಪ್ರತಿ ಕೆಲಸಕ್ಕೂ ಆ ಹೊತ್ತಿನಲ್ಲಿ ನಿಜವಾಗಿ ಬೇಕಾಗುವ ಪುಟಗಳ ಒಂದು ಸಣ್ಣ ಗುಂಪು ಇರುತ್ತದೆ. ಅಷ್ಟಕ್ಕೆ ಬೋರ್ಡಿನಲ್ಲಿ ಜಾಗ ಇದ್ದರೆ ಮಾತ್ರ ಆ ಕೆಲಸವನ್ನು ಒಳಗೆ ಬಿಡಿ. ಇಲ್ಲದಿದ್ದರೆ ಹೊರಗೆ ಕಾಯಿಸಿ. ಡೆನ್ನಿಂಗರ ಹೆಸರನ್ನು ನಮ್ಮ ಮಾಷ್ಟ್ರು ಕೇಳಿರಲಿಕ್ಕಿಲ್ಲ. ಆದರೆ ಜುಲೈ ತಿಂಗಳ ಮಳೆಯಲ್ಲಿ ಎಲ್ಲರೂ ಒಳಗೆ ತುಂಬಿಕೊಂಡು ಬೋರ್ಡಿನಲ್ಲಿ ಅಂಗೈಯಗಲ ಜಾಗ ಉಳಿಯದಿದ್ದಾಗ ಅವರು ನಾಲ್ಕನೇ ಕ್ಲಾಸಿನವರಿಗೆ, "ನೀವು ಸ್ಲೇಟು ತಕೊಂಡು ಜಗಲಿಗೆ ಹೋಗಿ, ಕರೆದಾಗ ಬನ್ನಿ" ಎನ್ನುತ್ತಿದ್ದರು. ಜಗಲಿಗೆ ಹೋದವರಿಗೆ ಮೊದಲು ಬೇಸರವಾಗುತ್ತಿತ್ತು. ಆದರೆ ಕರೆದಾಗ ಪೂರ್ತಿ ಅರ್ಧ ಬೋರ್ಡು ಸಿಗುತ್ತಿತ್ತು, ಭಾಗಾಕಾರ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಎಎಸ್/400 ಯಂತ್ರದಲ್ಲಿ ಇದೂ ಇದೆ: ಮೆಮೊರಿಯನ್ನು ಗೆರೆ ಎಳೆದು ಪಾಲು ಮಾಡುವುದು, ಒಂದೊಂದು ಪಾಲಿನಲ್ಲಿ ಒಟ್ಟಿಗೆ ಇಷ್ಟೇ ಕೆಲಸ ಎಂದು ಮಿತಿ ಹಾಕುವುದು. ಗೆರೆಯ ಆಚೆಗಿನ ದೊಡ್ಡ ವರದಿ ಎಷ್ಟು ಹಸಿದರೂ ಕೌಂಟರಿನ ಪಾಲನ್ನು ತಿನ್ನುವಂತಿಲ್ಲ.

ಹುಡುಗ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಒಂದು ಕಡೆ ನಿಂತ. ಯಾರೋ ಬೆಳಿಗ್ಗೆ 11 ಗಂಟೆಗೆ ಇಡೀ ವರ್ಷದ ಬಡ್ಡಿ ಲೆಕ್ಕ ಶುರು ಮಾಡಿದ್ದರು. ಮಾರ್ಚ್ ಮುಗಿಯುತ್ತಿದೆ, ಬೇಗ ಆಗಲಿ ಎಂದು. ಎಲ್ಲ ಸದಸ್ಯರ ಎಲ್ಲ ಪಿಗ್ಮಿ, ಎಲ್ಲ ಸಾಲ, ದಿನದಿನದ ಲೆಕ್ಕ. ಅದು ಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ತಾನೇ ತುಂಬಿಕೊಂಡಿತ್ತು. ಜೊತೆಗೆ ಹೋದ ವಾರ ಯಾರೋ ಒತ್ತಾಯಿಸಿದರೆಂದು ಅದಕ್ಕೆ ಸರದಿಯಲ್ಲಿ ಮೊದಲ ಸ್ಥಾನವನ್ನೂ ಕೊಟ್ಟಿದ್ದರಂತೆ. ದೊಡ್ಡ ಹೊಟ್ಟೆಯವನನ್ನು ಊಟದ ಮೊದಲ ಪಂಕ್ತಿಯಲ್ಲಿ ಕೂರಿಸಿದ ಹಾಗೆ.

ಅವನು ಮ್ಯಾನೇಜರರಿಗೆ, "ಕೌಂಟರಿನದ್ದು ಯಾವುದೂ ಮುಟ್ಟೂದು ಬೇಡ ಸರ್. ಇದೊಂದನ್ನ ರಾತ್ರಿಗೆ ಹಾಕುವ" ಎಂದ. ಬಡ್ಡಿ ಲೆಕ್ಕವನ್ನು ನಿಲ್ಲಿಸಿದ. ರಾತ್ರಿ 10 ಗಂಟೆಗೆ ತಾನೇ ಶುರುವಾಗುವಂತೆ ಹೊತ್ತು ಗೊತ್ತು ಮಾಡಿದ. ಮೆಮೊರಿಯಲ್ಲಿ ಅದಕ್ಕೆ ಇಂತಿಷ್ಟೇ ಎಂದು ಗೆರೆ ಎಳೆಯುವುದನ್ನು ಮಾತ್ರ ಅವತ್ತು ಮಾಡಲಿಲ್ಲ. "ಇವತ್ತು ಒಂದು ಬದಲಾವಣೆ ಸಾಕು. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗೂದಿಲ್ಲ. ಸೋಮವಾರ ನೋಡುವ" ಎಂದ. ನನ್ನ ಕೈಕೆಳಗೆ ಕೆಲಸ ಕಲಿತ ಎಷ್ಟೋ ಇಂಜಿನಿಯರುಗಳಿಗೆ ಈ ಬುದ್ಧಿ ಬರಲು ವರ್ಷಗಳು ಬೇಕಾಗಿದ್ದವು.

ದೊಡ್ಡ ಕೆಲಸವನ್ನು ರಾತ್ರಿಗೆ ದೂಡುವುದು ಸೊಸೈಟಿಯವರದ್ದೊಂದೇ ಉಪಾಯವಲ್ಲ. ಕುಂದಾಪುರ, ಬಾರ್ಕೂರು, ಬೈಂದೂರು ಸ್ಟೇಷನ್ನುಗಳಿಂದ ರೈಲು ಹತ್ತುವವರು ಮೊಬೈಲಿನಲ್ಲಿ ಟಿಕೆಟ್ ಕಾದಿರಿಸುತ್ತಾರಲ್ಲ, ಆ ಐಆರ್‌ಸಿಟಿಸಿ ತಾಣ ರಾತ್ರಿ 11.45ರಿಂದ 12.20ರ ತನಕ ಟಿಕೆಟ್ ಕೊಡುವುದಿಲ್ಲ. ಜನ ಮಲಗಿದ ಹೊತ್ತು ನೋಡಿ ಯಂತ್ರ ತನ್ನ ಮನೆಗೆಲಸ ಮುಗಿಸಿಕೊಳ್ಳುತ್ತದೆ. ಬೆಳಿಗ್ಗೆ 10ಕ್ಕೆ ಎಸಿ ಬೋಗಿಗಳ ತತ್ಕಾಲ್ ಟಿಕೆಟ್, 11ಕ್ಕೆ ಉಳಿದವುಗಳದ್ದು ಎಂದು ಎರಡು ಹೊತ್ತು ಮಾಡಿರುವುದರಿಂದಲೂ ನೂಕುನುಗ್ಗಲು ಒಂದೇ ನಿಮಿಷಕ್ಕೆ ಬೀಳುವುದು ತಪ್ಪುತ್ತದೆ. ಅರ್ಧ ಶಾಲೆಯನ್ನು ಜಗಲಿಗೆ ಕಳಿಸಿದ ಹಾಗೆ.

ಡಿಸ್ಕಿನ ಗೆರೆ ಚಾವಣಿಯಿಂದ ಮೆಲ್ಲಗೆ ಇಳಿಯಿತು. ಪ್ರೊಸೆಸರಿನ ಗೆರೆ ಎದ್ದು ಕುಳಿತು ಕುಣಿಯತೊಡಗಿತು. ಮಾಷ್ಟ್ರು ಬಸ್ಸಿನಿಂದ ಇಳಿದು ಶಾಲೆಗೆ ಬಂದಿದ್ದರು. ಹೊರಗೆ ಒಂದರ ಹಿಂದೆ ಒಂದು ಪ್ರಿಂಟರುಗಳ ಸದ್ದು. ನಮ್ಮ ಕೌಂಟರಿನ ಚಕ್ರ ಯಾವಾಗ ಮಾಯವಾಯಿತೋ ನೋಡಲೇ ಇಲ್ಲ. ಕೌಂಟರಿನ ಅಕ್ಕ ಪಾಸ್‌ಬುಕ್ಕನ್ನು ಪ್ರಿಂಟರಿಗೆ ತೂರಿಸಿದರು. ಕರ್ರ್, ಕರ್ರ್. ಎರಡು ಸಾಲು.

ಹುಡುಗಿ ಪಾಸ್‌ಬುಕ್ಕನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಹುಬ್ಬು ಗಂಟಾಯಿತು.

"ಬಡ್ಡಿ ಎಲ್ಲಿ?"

ಕೌಂಟರಿನ ಅಕ್ಕ ಮುಂದಿನವರ ಪಾಸ್‌ಬುಕ್ಕಿಗೆ ಕೈ ಚಾಚುತ್ತಾ ನಕ್ಕರು. "ರಾತ್ರಿಗ್ ಬತ್ತ್ ಹೆಣ್ಣೆ, ನೀ ಮನಿಕಂಡ್ ಮೇಲೆ."